ದನಿಗೊಂದು ಮುಖ: ಕುರುಕ್ಷೇತ್ರ ನಾಟಕದಿಂದ ರಘು ದೀಕ್ಷಿತ್ ಗಿಟಾರ್‌ವರೆಗೆ

  ಓದೋರಿಗಾಗಿ ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಒಂದು ತಮಾಷೆಯಿಂದ ಶುರು ಮಾಡೋಣ. ನಮ್ಮ ಪಾಂಡವಪುರಕ್ಕೆ ಒಂದು ಕಾಲದಲ್ಲಿ ಇನ್ನೊಂದು ಹೆಸರಿತ್ತು, ಗೊತ್ತಾ? ಫ್ರೆಂಚ್ ರಾಕ್ಸ್! ಹೈದರ್, ಟಿಪ್ಪು ಕಾಲದಲ್ಲಿ ಅವರ ಪರವಾಗಿ ಕಾದಾಡೋಕೆ ಬಂದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರು. ಅದಕ್ಕೇ ಆ ಹೆಸರು. ಹಾಗಾಗಿ ಮಂಡ್ಯ ಜಿಲ್ಲೆಗೂ ರಾಕ್‌ಗೂ ಏನು ಸಂಬಂಧ ಅಂತ ಯಾರಾದರೂ ನಕ್ಕರೆ, ಈ ಉತ್ತರ ಜೇಬಲ್ಲಿ ಇಟ್ಕೊಂಡಿರಿ.

ತಮಾಷೆ ಸಾಕು. ಇವತ್ತಿನ ಪ್ರಶ್ನೆ ಇದು: ರಾಕ್ ಹಾಡುವವನು ನಟನೆಗೂ ಇಳಿದರೆ ನಾವು ಯಾಕೆ ಆಶ್ಚರ್ಯ ಪಡ್ತೀವಿ? ‘ಅಯ್ಯೋ, ಅವನು ಸಿಂಗರ್ ಅಲ್ವಾ, ಆ್ಯಕ್ಟಿಂಗ್ ಯಾಕೆ ಬೇಕಿತ್ತು’ ಅಂತ ಯಾಕೆ ಕೇಳ್ತೀವಿ? ನಮ್ಮ ಅಜ್ಜ ಆ ಪ್ರಶ್ನೆ ಕೇಳ್ತಾನೇ ಇರಲಿಲ್ಲ. ಅವರ ಕಾಲದಲ್ಲಿ ಹಾಡೋಕೆ ಬಾರದವನಿಗೆ ಪಾತ್ರವೇ ಸಿಗ್ತಿರಲಿಲ್ಲ.

ಹಾಡಿದರೆ ಮಾತ್ರ ದುರ್ಯೋಧನ

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಬ್ಬಕ್ಕೋ ಜಾತ್ರೆಗೋ ಊರಲ್ಲಿ ‘ಕುರುಕ್ಷೇತ್ರ’ ನಾಟಕ. ಪಾತ್ರ ಮಾಡೋರು ನಮ್ಮ ಮಾವ, ಚಿಕ್ಕಪ್ಪ, ಹಾಲಿನ ಡೇರಿ ಕಾರ್ಯದರ್ಶಿ, ಪಂಚಾಯ್ತಿ ಸದಸ್ಯ. ಪಾತ್ರಕ್ಕೆ ದುಡ್ಡು ಕೊಡೋದೂ ಅವರೇ. ಕೃಷ್ಣ, ದುರ್ಯೋಧನ ಅಂದ್ರೆ ಜಾಸ್ತಿ ದುಡ್ಡು; ಸಣ್ಣ ಪಾತ್ರಕ್ಕೆ ಕಮ್ಮಿ. ತಿಂಗಳುಗಟ್ಟಲೆ ಸಂಜೆ ಹೊತ್ತು ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಮಟ್ಟು ಕಲಿಸ್ತಾರೆ. ಸೀನರಿ ಬಾಡಿಗೆಗೆ ಬರುತ್ತೆ. ನಾಟಕ ರಾತ್ರಿ ಶುರುವಾದರೆ ಮುಗಿಯೋದು ಕೋಳಿ ಕೂಗೋ ಹೊತ್ತಿಗೆ.

ಅಲ್ಲಿ ನಟನ ಪರೀಕ್ಷೆ ನಡೆಯೋದು ಕಂದಪದ್ಯ ಹಾಡುವಾಗ. ಮೈಕಿನ ಮುಂದೆ ನಿಂತು ದನಿ ಎತ್ತಿ ಎಳೆದರೆ ‘ಒನ್ಸ್ ಮೋರ್’. ದನಿ ಒಡೆದರೆ ಮುಂದಿನ ವರ್ಷದವರೆಗೂ ಊರವರ ಕೀಟಲೆ. ಮಾತು, ಅಭಿನಯ, ಹಾಡು ಎಲ್ಲಾ ಒಂದೇ ಮೈಯಿಂದ ಬರಬೇಕು. ಮುಖ ಒಬ್ಬರದು, ದನಿ ಇನ್ನೊಬ್ಬರದು ಅನ್ನೋ ಏರ್ಪಾಡು ಅಲ್ಲಿಲ್ಲ.

ಹಳ್ಳಿ ನಾಟಕಕ್ಕೆ ಮಾತ್ರ ಸೇರಿದ ವಿಷಯ ಅಂದ್ಕೋಬೇಡಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರು ಕನ್ನಡದ ದೊಡ್ಡ ಕವಿ. ಅವರು ಬರೆದದ್ದು ಗೀತನಾಟಕಗಳನ್ನು. ಪದ ಬರೆದು ಸುಮ್ಮನಾಗಲಿಲ್ಲ, ರಾಗಗಳನ್ನೂ ತಾವೇ ಯೋಚಿಸಿದರು. ಅವರ ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಕಾರಂತರೂ ಅಷ್ಟೇ: ನಟ, ನಿರ್ದೇಶಕ, ಹಾಡುಗಾರ, ಸಂಗೀತ ಸಂಯೋಜಕ. ಇವತ್ತಿನ ಭಾಷೆಯಲ್ಲಿ ‘ಮಲ್ಟಿ ಟ್ಯಾಲೆಂಟೆಡ್’ ಅಂತೀವಿ. ಅವತ್ತಿಗೆ ಅದು ಮಾಮೂಲಿ ರಂಗಭೂಮಿಯ ಕೆಲಸ.

ದನಿ ಬೇರೆ, ಮುಖ ಬೇರೆ ಆದದ್ದು

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದದ್ದು 1934ರ ಮಾರ್ಚ್‌ನಲ್ಲಿ. ಅದರಲ್ಲಿದ್ದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ನಾಟಕ ಕಂಪನಿಯವರು. ನಟಿಸುವವರೇ ಹಾಡುವ ಕಾಲ ಅದು. ಆಮೇಲೆ ರೆಕಾರ್ಡಿಂಗ್ ತಂತ್ರ ಬೆಳೀತು. ಹಾಡನ್ನು ಸ್ಟುಡಿಯೋದಲ್ಲಿ ಮೊದಲೇ ದಾಖಲಿಸಿ, ಶೂಟಿಂಗ್‌ನಲ್ಲಿ ನಟ ತುಟಿ ಆಡಿಸಿದರೆ ಸಾಕು ಅನ್ನುವಂತಾಯ್ತು. ಹಿನ್ನೆಲೆ ಗಾಯನ ಅಂದ್ರೆ ಇದೇ. ‘ಹಿನ್ನೆಲೆ’ ಅನ್ನೋ ಪದವನ್ನೇ ಗಮನಿಸಿ. ಹಾಡುಗಾರ ಹಿಂದೆ ಹೋದ, ಮುಖ ಮುಂದೆ ಉಳೀತು.

ಈ ಏರ್ಪಾಡಿನಿಂದ ನಷ್ಟವಾಯ್ತು ಅಂತ ಹೇಳ್ತಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ದನಿ, ರಾಜ್‌ಕುಮಾರ್ ಅವರ ಮುಖ, ಎರಡೂ ಸೇರಿ ಕೊಟ್ಟ ಸುಖ ಸಣ್ಣದಲ್ಲ. ಆದರೆ ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಸ್ವತಃ ಹಾಡುಗಾರ ಅನ್ನೋದು ಬಹಳ ವರ್ಷ ಪರದೆ ಹಿಂದೆಯೇ ಉಳಿಯಿತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆ ಮೇಲೆ ಕೂತು ಹಾಡುವ ಹಾಡನ್ನು ಅವರೇ ಹಾಡಿದರು. ಅಲ್ಲಿಂದ ಮುಂದೆ ಮುಖವೂ ಅವರದೇ, ದನಿಯೂ ಅವರದೇ. ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿಯೇ ಬಂತು. ಯೋಚನೆ ಮಾಡಿ, ಹಳೆಯ ನಾಟಕದ ನಟ ಸಿನಿಮಾದೊಳಗೆ ತನ್ನ ದನಿಯನ್ನು ವಾಪಸ್ ಪಡೆಯೋಕೆ ಅಷ್ಟು ವರ್ಷ ಬೇಕಾಯ್ತು.

ದನಿ ಮುಖ ಬೇರೆಯಾದಾಗ ಇನ್ನೊಂದು ವಿಷಯವೂ ಬೇರೆಯಾಯ್ತು: ಹಾಡಿನ ಮಾಲೀಕತ್ವ. ಸಿನಿಮಾಕ್ಕೆ ಬರೆದ ಹಾಡು, ಹಾಕಿದ ರಾಗ ನಿರ್ಮಾಪಕರ ಪಾಲು ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಹಾಡು ಎಷ್ಟೇ ಓಡಲಿ, ಬರೆದವನಿಗೂ ರಾಗ ಹಾಕಿದವನಿಗೂ ಮೊದಲು ಕೊಟ್ಟ ಸಂಭಾವನೆಯೇ ಕೊನೆ. ಇದು ಬದಲಾಗಿದ್ದು 2012ರ ಹಕ್ಕುಸ್ವಾಮ್ಯ ತಿದ್ದುಪಡಿಯಲ್ಲಿ. ಚಿತ್ರಮಂದಿರದ ಆಚೆ ಆ ಹಾಡು ಬಳಕೆಯಾದರೆ ಸಾಹಿತಿಗೂ ಸಂಯೋಜಕರಿಗೂ ರಾಯಲ್ಟಿಯ ಪಾಲು ಸಿಗಬೇಕು, ಆ ಹಕ್ಕನ್ನು ಕಾಗದದ ಮೇಲೆ ಬರೆಸಿಕೊಂಡು ಕಿತ್ತುಕೊಳ್ಳೋ ಹಾಗಿಲ್ಲ ಅಂತ ಕಾನೂನು ಹೇಳ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತೀನಿ.

ಕ್ಯಾಸೆಟ್ಟಿನಲ್ಲಿ ಬಂದ ಸ್ವಾತಂತ್ರ್ಯ

‘ಇಂಡಿ’ ಅಂದ್ರೆ ಇಂಡಿಪೆಂಡೆಂಟ್. ಸಿನಿಮಾ ಇಲ್ಲದೇ, ದೊಡ್ಡ ಕಂಪನಿಯ ಹಂಗಿಲ್ಲದೇ ತನ್ನ ಹಾಡನ್ನು ತಾನೇ ಜನರ ಮುಂದಿಡೋದು. ಕನ್ನಡದಲ್ಲಿ ಈ ಪದ ಬರೋ ಮೊದಲೇ ಆ ಕೆಲಸ ನಡೆದಿತ್ತು. ಅದರ ಬೇರು ಕೆ.ಆರ್. ಪೇಟೆ ತಾಲ್ಲೂಕಿನಲ್ಲೂ ಇದೆ.

ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾಯ್ತು. ಹೊಸದಾಗಿ ಮದುವೆಯಾದವರ ಕವಿತೆಗಳು. ಅವನ್ನು ಭಾವಗೀತೆಯಾಗಿ ಮನೆಮನೆಗೆ ತಲುಪಿಸಿದವರಲ್ಲಿ ಸಿ. ಅಶ್ವತ್ಥ್ ಮುಖ್ಯರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ಹಾಡಿದವರು ಅವರು. ಸಂತ ಶಿಶುನಾಳ ಶರೀಫರ ತತ್ವಪದಗಳನ್ನು ಎದೆ ತುಂಬಿ ಹಾಡಿ ಟೇಪ್ ರೆಕಾರ್ಡರ್ ಇದ್ದ ಮನೆಗಳಿಗೆಲ್ಲ ಮುಟ್ಟಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಮಾಡಿದಾಗ ಕಣ್ಣು ಹಾಯಿಸಿದಷ್ಟೂ ಜನ. ವೇದಿಕೆ ಮೇಲೆ ಹೀರೋ ಇಲ್ಲ, ಹೀರೋಯಿನ್ ಇಲ್ಲ. ಕವಿತೆ, ಹಾಡುಗಾರರು, ವಾದ್ಯ. ಕನ್ನಡದ ಹಾಡು ಸಿನಿಮಾ ಇಲ್ಲದೇನೂ ಮೈದಾನ ತುಂಬಿಸಬಲ್ಲದು ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗೆಜ್ಜೆ ಕಟ್ಟಿದ ಹುಡುಗನ ಕೈಗೆ ಗಿಟಾರ್

ಈಗ ಶ್ರೀರಂಗಪಟ್ಟಣದ ಸೇತುವೆ ದಾಟಿ ಸುಮಾರು 15 ಕಿಲೋಮೀಟರ್ ಹೋಗಿ. ಮೈಸೂರು. ರಘು ದೀಕ್ಷಿತ್ ಬೆಳೆದ ಊರು. ಹುಟ್ಟಿದ್ದು 1974ರ ನವೆಂಬರ್‌ನಲ್ಲಿ ನಾಸಿಕ್‌ನಲ್ಲಿ. ಆದರೆ ಭಾಷೆ, ಗೆಳೆಯರು, ಕಾಲೇಜು ಎಲ್ಲಾ ಮೈಸೂರಿನದು.

ಹುಡುಗ ಕಲಿತದ್ದು ಭರತನಾಟ್ಯ. ಸುಮ್ಮನೆ ಶೋಕಿಗಲ್ಲ, ವಿದ್ವತ್ ಮಟ್ಟದವರೆಗೆ. ಭರತನಾಟ್ಯ ಅಂದ್ರೆ ಅರ್ಧ ನಟನೆಯೇ ತಾನೇ? ಕಣ್ಣು, ಹುಬ್ಬು, ಕೈ, ಹೆಜ್ಜೆ ಎಲ್ಲದರಲ್ಲೂ ಕಥೆ ಹೇಳಬೇಕು. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಸ್ನಾತಕೋತ್ತರ ಪದವಿಯಲ್ಲಿ ಚಿನ್ನದ ಪದಕ. ಗಿಟಾರ್ ಬಂದದ್ದು ಕಾಲೇಜು ದಿನಗಳಲ್ಲಿ, ಒಂದು ಪಂಥದಿಂದ. ಹುಡುಗ ಡ್ಯಾನ್ಸ್ ಮಾಡೋದನ್ನು ಸಹಪಾಠಿ ಆಡಿಕೊಂಡಾಗ, ಗಿಟಾರ್ ಕಲಿತು ತೋರಿಸ್ತೀನಿ ಅಂತ ಸವಾಲು ಹಾಕಿದರಂತೆ. ಈ ಕಥೆಯನ್ನು ಅವರೇ ಸಂದರ್ಶನಗಳಲ್ಲಿ ನಗುತ್ತಾ ಹೇಳಿದ್ದಾರೆ. ಸವಾಲಿಗೆ ಹಿಡಿದ ಗಿಟಾರ್ ಕೈಯಲ್ಲೇ ಉಳೀತು.

ಮುಂದೆ ಔಷಧ ಕಂಪನಿ ಕೆಲಸಕ್ಕೆ ಬೆಲ್ಜಿಯಂಗೆ ಹೋದರು. ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಕೇಳಿಸಿದ ಮೇಲೆ, ಲ್ಯಾಬ್ ಬಿಟ್ಟು ಹಾಡೇ ಬದುಕು ಅನ್ನೋ ನಿರ್ಧಾರ ಗಟ್ಟಿಯಾಯ್ತು. 90ರ ದಶಕದ ಕೊನೆಯಲ್ಲಿ ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ತಂಡ ಕಟ್ಟಿದರು. ಕಾಲೇಜು ಫೆಸ್ಟ್‌ಗಳಲ್ಲಿ ಹೆಸರು ಬಂತು. ಆದರೆ ಆಲ್ಬಂ ಮಾಡಿಸಿ ಅಂತ ಹೋದ ಕಂಪನಿಗಳ ಬಾಗಿಲು ತೆರೀಲಿಲ್ಲ. ತಂಡ ಚದುರಿತು. ಆಮೇಲೆ ಅವರು ಕಟ್ಟಿದ್ದೇ ‘ರಘು ದೀಕ್ಷಿತ್ ಪ್ರಾಜೆಕ್ಟ್’.

ಒಂದು ಸಂಜೆ ಮುಂಬೈಯಲ್ಲಿ ಹಾಡುತ್ತಿದ್ದಾಗ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಕಿವಿಗೆ ಆ ದನಿ ಬಿತ್ತು. ಅವರ ಲೇಬಲ್‌ನಿಂದಲೇ 2008ರಲ್ಲಿ ಮೊದಲ ಆಲ್ಬಂ ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ಮಧ್ಯೆ ಎರಡು ಶರೀಫರ ಪದಗಳು: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಸಿ. ಅಶ್ವತ್ಥ್ ಕ್ಯಾಸೆಟ್ಟಿನಲ್ಲಿ ನಮ್ಮ ಅಪ್ಪ ಅಮ್ಮ ಕೇಳಿದ ಅದೇ ಶರೀಫರು ಈಗ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆ ಮಕ್ಕಳ ಎಂಪಿ3 ಪ್ಲೇಯರ್‌ಗೆ ಬಂದರು. ಹತ್ತೊಂಬತ್ತನೇ ಶತಮಾನದ ಸಂತನ ಪದಕ್ಕೆ ಕಾಪಿರೈಟ್ ಯಾರದ್ದೂ ಅಲ್ಲ, ಎಲ್ಲರದ್ದೂ. ಇಂಡಿ ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಪಿತ್ರಾರ್ಜಿತ ಆಸ್ತಿ ಯಾವುದಿದೆ?

ಅದೇ ವರ್ಷ ‘ಸೈಕೋ’ ಕನ್ನಡ ಚಿತ್ರಕ್ಕೆ ಸಂಗೀತ ಕೊಟ್ಟರು. ಅದರಲ್ಲಿನ ಮಹದೇಶ್ವರನ ಹೆಸರಿನ ಹಾಡು ನಿಮಗೆಲ್ಲ ಗೊತ್ತು. ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗೋ ನಾಡಿನ ಕಿವಿಗೆ ಆ ಹೆಸರು, ಆ ಲಯ ಎರಡೂ ಹೊಸದಲ್ಲ. ಫೆಸ್ಟ್‌ಗೆ ಹೋಗದವರಿಗೂ ರಘು ದೀಕ್ಷಿತ್ ಯಾರು ಅಂತ ಗೊತ್ತಾಗಿದ್ದು ಆವಾಗಲೇ.

2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ. ಟಿವಿಯಲ್ಲಿ ಹಾಡಿದ ಮರುದಿನವೇ ಬ್ರಿಟನ್ನಿನ ಐಟ್ಯೂನ್ಸ್‌ನಲ್ಲಿ ವಿಶ್ವ ಸಂಗೀತದ ಪಟ್ಟಿಯಲ್ಲಿ ಅವರ ಆಲ್ಬಂ ಮೇಲೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ವೇದಿಕೆ ಮೇಲೆ ಅವರು ಹೇಗೆ ಬಂದರು ಅನ್ನೋದು ಮುಖ್ಯ. ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಕಾಲೇಜಲ್ಲಿ ಯಾವ ಕುಣಿತವನ್ನು ಆಡಿಕೊಂಡರೋ ಅದೇ ಗೆಜ್ಜೆ ಇಂಗ್ಲೆಂಡಿನ ಮೈದಾನದಲ್ಲಿ ಕುಣೀತು.

ಇಲ್ಲೇ ನೋಡಿ ನಮ್ಮ ಕುರುಕ್ಷೇತ್ರ ವಾಪಸ್ ಬಂದದ್ದು. ವೇಷ ಕಟ್ಟೋನು, ಕುಣಿಯೋನು, ಮಧ್ಯೆ ಕಥೆ ಹೇಳೋನು, ದನಿ ಎತ್ತಿ ಹಾಡೋನು ಒಬ್ಬನೇ. ಹಿನ್ನೆಲೆಗೆ ಸರಿದಿದ್ದ ದನಿ ಮತ್ತೆ ಮುಖ ಹೊತ್ತುಕೊಂಡು ಮುಂದೆ ಬಂತು.

ಮುಖ ಇದ್ದ ಮೇಲೆ ಹೊಣೆಯೂ ಇದೆ

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆದರೆ ಅರ್ಧ ಹೇಳಿದ ಹಾಗೆ. 2018ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ಮೀಟೂ ದನಿಗಳು ಎದ್ದಾಗ, ಗಾಯಕಿ ಚಿನ್ಮಯಿ ಶ್ರೀಪಾದ ಅವರು ಹೆಸರು ಹೇಳದ ಗಾಯಕಿಯೊಬ್ಬರ ಅನುಭವವನ್ನು ಹಂಚಿಕೊಂಡರು. ಸ್ಟುಡಿಯೋದಲ್ಲಿ ರಘು ದೀಕ್ಷಿತ್ ಅನುಚಿತವಾಗಿ ನಡೆದುಕೊಂಡರು ಅನ್ನೋ ಆರೋಪ ಅದು. ಘಟನೆ ಪೂರ್ತಿ ಹಾಗೇ ನಡೆದಿರಲಿಲ್ಲ ಅಂತ ಹೇಳಿದರೂ, ತಾವು ನಡೆದುಕೊಂಡದ್ದು ತಪ್ಪು ಅಂತ ಒಪ್ಪಿ ರಘು ಬಹಿರಂಗವಾಗಿ ಕ್ಷಮೆ ಕೇಳಿದರು.

ಆ ವಾರ ಎಷ್ಟೋ ಕೇಳುಗರಿಗೆ ಕಸಿವಿಸಿ. ಪ್ಲೇಲಿಸ್ಟ್‌ನಲ್ಲಿರೋ ಹಾಡನ್ನು ಏನು ಮಾಡೋದು? ಹಿನ್ನೆಲೆ ಗಾಯನದ ಕಾಲದಲ್ಲಿ ಈ ಪ್ರಶ್ನೆ ಅಷ್ಟು ಹತ್ತಿರ ಬರ್ತಿರಲಿಲ್ಲ. ಹಾಡು ಪಾತ್ರದ್ದು, ಸಿನಿಮಾದ್ದು ಅಂತ ತಪ್ಪಿಸಿಕೊಳ್ಳಬಹುದಿತ್ತು. ಆದರೆ ‘ಇದು ನನ್ನ ಹಾಡು, ನನ್ನ ಕಥೆ’ ಅಂತ ಎದುರು ನಿಂತು ಹಾಡುವವನ ವಿಷಯದಲ್ಲಿ ಆ ಪರದೆ ಇಲ್ಲ. ಮೆಚ್ಚುಗೆ ಅವನಿಗೇ ಸಲ್ಲುತ್ತೆ. ಪ್ರಶ್ನೆಯೂ ಅವನ ಮುಂದೇ ಬಂದು ನಿಲ್ಲುತ್ತೆ. ಕೇಳೋದು ಬಿಡೋದು ಪ್ರತಿಯೊಬ್ಬ ಕೇಳುಗರ ತೀರ್ಮಾನ. ನಾನು ಹೇಳೋದಿಷ್ಟೇ: ವೃತ್ತಿಯ ಚರಿತ್ರೆ ಬರೆಯುವಾಗ ಬಿಬಿಸಿಯ ಪುಟ ಇಟ್ಟುಕೊಂಡು ಈ ಪುಟ ಹರಿಯೋ ಹಾಗಿಲ್ಲ. ಸ್ಟುಡಿಯೋ ಅನ್ನೋದು ಹೊಸ ಹುಡುಗಿಯರೂ ಕೆಲಸಕ್ಕೆ ಬರೋ ಜಾಗ. ಅಲ್ಲಿ ಅವರು ನಿರ್ಭಯವಾಗಿ ಇರಬೇಕು ಅನ್ನೋದು ಸಂಗೀತದ ಹೊರಗಿನ ಮಾತೇನಲ್ಲ.

ಅದಾದ ಮೇಲೂ ಅವರ ಕೆಲಸ ನಡೀತು. 2020ರ ‘ಲವ್ ಮಾಕ್ಟೇಲ್’ ಹಾಡುಗಳು ಲಾಕ್‌ಡೌನ್ ದಿನಗಳಲ್ಲಿ ಫೋನಿಂದ ಫೋನಿಗೆ ಹರಿದಾಡಿದವು. 2023ರ ಜನವರಿಯಲ್ಲಿ ‘ಆರ್ಕೆಸ್ಟ್ರಾ ಮೈಸೂರು’ ಬಂತು. ಸುನಿಲ್ ಮೈಸೂರು ನಿರ್ದೇಶನ, ಸಂಗೀತ ರಘು ಅವರದು. ಕಥೆ ಏನು? ಆರ್ಕೆಸ್ಟ್ರಾದಲ್ಲಿ ಹಾಡಬೇಕು ಅಂತ ಆಸೆಪಡೋ ಹುಡುಗನದು. ಗಣೇಶನ ಪೆಂಡಾಲಿನ ಮುಂದೆ ಬೇರೆಯವರ ಹಾಡನ್ನು ಬೇರೆಯವರ ದನಿಯಲ್ಲೇ ಹಾಡಿ ಊಟ ಸಂಪಾದಿಸೋ ಕಲಾವಿದರ ಲೋಕ ಅದು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಅಂಥ ಆರ್ಕೆಸ್ಟ್ರಾ ನೋಡದವರು ಯಾರಿದ್ದಾರೆ? ಆ ಹುಡುಗನ ಪಾತ್ರ ಮಾಡಿದ ನಟನ ಹೆಸರು ಪೂರ್ಣಚಂದ್ರ ಮೈಸೂರು.

ಈಗಿನವರು

ಹೊಸ ತಲೆಮಾರಿಗೆ ಬನ್ನಿ. ಸಂಜಿತ್ ಹೆಗ್ಡೆ ಟಿವಿಯ ‘ಸರಿಗಮಪ’ದಿಂದ ಬೆಳಕಿಗೆ ಬಂದವರು. ಸಿನಿಮಾಕ್ಕೂ ಹಾಡ್ತಾರೆ, ತಮ್ಮದೇ ಸ್ವತಂತ್ರ ಹಾಡುಗಳನ್ನೂ ಬಿಡುಗಡೆ ಮಾಡ್ತಾರೆ. 2021ರಲ್ಲಿ ನೆಟ್‌ಫ್ಲಿಕ್ಸ್‌ನ ತೆಲುಗು ಚಿತ್ರಗುಚ್ಛ ‘ಪಿಟ್ಟ ಕಥಲು’ವಿನಲ್ಲಿ ನಾಗ್ ಅಶ್ವಿನ್ ನಿರ್ದೇಶಿಸಿದ ಭಾಗಕ್ಕೆ ಅವರೇ ನಟ, ಎದುರಿಗೆ ಶ್ರುತಿ ಹಾಸನ್. ವಾಸುಕಿ ವೈಭವ್ ರಂಗಭೂಮಿಯಿಂದ ಬಂದವರು. 2016ರ ‘ರಾಮಾ ರಾಮಾ ರೇ’, 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರಗಳಿಗೆ ಸಂಗೀತ ಕೊಟ್ಟರು. ಗಿಟಾರ್ ಹಿಡಿದು ತಮ್ಮ ಹಾಡು ತಾವೇ ಹಾಡ್ತಾರೆ. ಇವರಿಗೆ ನಟನೆ ಹಾಡು ಅಂತ ಎರಡು ಗೂಡು ಬೇಕಿಲ್ಲ.

ಫೋನ್ ಇದಕ್ಕೆ ಒಂದು ಕಾರಣ. ರೀಲ್ಸ್ ನೋಡುವಾಗ ನಾವು ಹಾಡಿನ ಜೊತೆ ಮುಖವನ್ನೂ ಹುಡುಕ್ತೀವಿ. ಹಾಡುಗಾರ ಕ್ಯಾಮೆರಾಗೆ ಹೆದರೋ ಹಾಗಿಲ್ಲ. ಆ ಮಟ್ಟಿಗೆ ಒಂದೊಂದು ಫೋನೂ ಒಂದೊಂದು ಡ್ರಾಮಾ ಸ್ಟೇಜು.

ಹಾಗಾದರೆ ಕಿಕ್ಕೇರಿಯಲ್ಲೋ ಮೇಲುಕೋಟೆಯಲ್ಲೋ ಕೂತು, ಸೆಕೆಂಡ್ ಹ್ಯಾಂಡ್ ಗಿಟಾರ್ ಇಟ್ಕೊಂಡು ಇದನ್ನು ಕೇಳ್ತಿರೋ ತಮ್ಮ, ತಂಗಿ, ನಿಮಗೆ ಇದರಲ್ಲಿ ಏನಿದೆ?

ಮೊದಲನೆಯದು, ನಾನು ಆಗಲೇ ಹೇಳಿದ ಕಾನೂನು. ನೀವು ಬರೆದ ಪದ, ನೀವು ಹಾಕಿದ ರಾಗ ಹುಟ್ಟಿದ ಗಳಿಗೆಯಿಂದ ನಿಮ್ಮದು. ಯೂಟ್ಯೂಬ್ ಚಾನೆಲ್‌ನವರೋ ಆಡಿಯೋ ಕಂಪನಿಯವರೋ ಕಾಗದ ಮುಂದಿಟ್ಟು ‘ಸೈನ್ ಹಾಕು ಗುರು, ಫೇಮಸ್ ಮಾಡ್ತೀವಿ’ ಅಂದಾಗ, ಹೊಲದ ಪತ್ರ ಓದುವಷ್ಟೇ ಎಚ್ಚರದಿಂದ ಓದಿ. ಒಂದು ಗುಂಟೆ ಜಾಗ ಬರೆದುಕೊಡೋ ಮುಂಚೆ ನಾಲ್ಕು ಜನರನ್ನು ಕೇಳ್ತೀವಲ್ಲ, ಹಾಡಿಗೂ ಹಾಗೇ ಕೇಳಿ. ಸಾಹಿತಿ, ಸಂಯೋಜಕರ ರಾಯಲ್ಟಿ ವಸೂಲಿ ಮಾಡಿಕೊಡೋ ಐಪಿಆರ್‌ಎಸ್ ಅನ್ನೋ ಸಂಸ್ಥೆ ಇದೆ. ಸದಸ್ಯರಾಗಿ.

ಎರಡನೆಯದು, ಸುತ್ತಮುತ್ತ ನೋಡಿ. ಕುರುಕ್ಷೇತ್ರ ಕಲಿಸೋ ಮೇಷ್ಟ್ರು ನಿಮ್ಮೂರಲ್ಲೋ ಪಕ್ಕದೂರಲ್ಲೋ ಇನ್ನೂ ಇದ್ದಾರೆ. ಮೈಕ್ ಸೆಟ್ ಕೈಕೊಟ್ಟರೂ ಕೊನೆ ಸಾಲಿನವರಿಗೆ ಕೇಳುವಂತೆ ದನಿ ಎಸೆಯೋದು ಹೇಗೆ, ಕಂದ ಹಾಡುವಾಗ ಮುಖದಲ್ಲಿ ಸಿಟ್ಟು ಉಳಿಸಿಕೊಳ್ಳೋದು ಹೇಗೆ ಅಂತ ಯಾವ ಆ್ಯಪ್ ಕೂಡ ಅವರಷ್ಟು ಚೆನ್ನಾಗಿ ಹೇಳಿಕೊಡಲ್ಲ. ಅವರ ಹತ್ತಿರ ಒಂದು ತಿಂಗಳು ಕೂತು ನೋಡಿ. ಆಮೇಲೆ ಗಿಟಾರ್ ಎತ್ತಿಕೊಳ್ಳಿ.

ಮುಂದಿನ ಸಲ ಊರಲ್ಲಿ ನಾಟಕ ಆದಾಗ, ದುರ್ಯೋಧನ ಮೈಕಿನ ಮುಂದೆ ನಿಂತು ದನಿ ಎಳೆಯೋ ಹೊತ್ತಿಗೆ ಫೋನ್ ಜೇಬಿಗಿಟ್ಟು ಐದು ನಿಮಿಷ ಅವನನ್ನೇ ನೋಡಿ. ಗದೆ ಕೆಳಗಿಟ್ಟು ಗಿಟಾರ್ ಕೈಗೆ ಕೊಟ್ಟರೆ ಹೇಗಿರುತ್ತೆ ಅಂತ ಯೋಚಿಸಿ.

ನಿಮ್ಮೂರಿನ ಡ್ರಾಮಾ ಮೇಷ್ಟ್ರ ದನಿ ರೆಕಾರ್ಡ್ ಮಾಡಿದ್ದರೆ, ಅವರ ಒಪ್ಪಿಗೆ ಕೇಳಿ ನಮಗೆ ಕಳಿಸಿ. ಕೇಳಿಸಿಕೊಳ್ಳೋಣ.